ಗುರುವಾರದ ಮೊಣಕಾಲು

ಹೋದ ಶನಿವಾರ ಬೆಳಿಗ್ಗೆ ಅಡಿಗೆಮನೆಯಲ್ಲಿ ಶೇಂಗಾ ಹುರಿಯುತ್ತಿದ್ದೆ. ಶೇಂಗಾದ ಘಮದ ನಡುವೆ ಎಲ್ಲಿಂದಲೋ ಲವಂಗದ ವಾಸನೆ ಬಂತು. ಲವಂಗದ ಡಬ್ಬಿ ನಾನು ಮುಟ್ಟಿರಲಿಲ್ಲ. ಮಗ ಸೊಸೆ ಇಬ್ಬರೂ ಗ್ರೋಸರಿಗೆ ಹೋಗಿದ್ದರು. ಒಲೆ ಆರಿಸಿ ಹೊರಗೆ ಬಂದು ನೋಡಿದರೆ ಮೊಮ್ಮಗಳು ಮೇಘಾ ನೆಲದ ಮೇಲೆ ಕೂತು ಅಜ್ಜನ ಪೇಟಿಯ ಮುಚ್ಚಳ ತೆಗೆದಿದ್ದಳು.

ಪೇಟಿ ಅಂದರೆ ಹಾರ್ಮೋನಿಯಂ. ನಮ್ಮ ಗದಗಿನ ಕಡೆ ಹಾಗೇ ಅನ್ನುವುದು. ಹುಳ ಹಿಡಿಯಬಾರದು ಅಂತ ನಮ್ಮ ಮನೆಯವರು ಅದರ ಮೂಲೆಗಳಲ್ಲಿ ಲವಂಗ ಹಾಕಿಡುತ್ತಿದ್ದರು. ಅವರು ಹೋಗಿ ಎರಡು ವರ್ಷವಾಯಿತು. ಲವಂಗ ಮಾತ್ರ ಇನ್ನೂ ಕೆಲಸ ಬಿಟ್ಟಿಲ್ಲ.

"ಯಾರನ್ನ ಕೇಳಿ ತೆಗದಿ?" ಅಂದೆ.

"ಅಜ್ಜೀ, ಕೇಳಿದ್ರೆ ಯು ವಿಲ್ ಸೇ ನೋ. ಸೋ ಕೇಳ್ಲಿಲ್ಲ."

ಹುಡುಗಿಗೆ ಇಪ್ಪತ್ತಾರು ವರ್ಷ. ಮೆನ್ಲೋ ಪಾರ್ಕಿನ ಆಫೀಸಿನ ಹತ್ತಿರ ಬೇರೆ ಅಪಾರ್ಟ್‌ಮೆಂಟ್ ಹಿಡಿದಿದ್ದಾಳೆ, ಮುಂದಿನ ತಿಂಗಳು ಹೋಗುತ್ತಾಳೆ. ಅಜ್ಜನ ಪೇಟಿ ತನಗೇ ಬೇಕಂತೆ, ಕಲಿಯುತ್ತಾಳಂತೆ. ತಿದಿ ಒತ್ತಿ ಬಿಳಿ ಮನೆ ಒತ್ತಿದಳು, ಕರಿ ಮನೆ ಒತ್ತಿದಳು. ಉಸ್ ಅಂತ ಗಾಳಿ ಹೋಯಿತೇ ಹೊರತು ಒಂದು ಸ್ವರ ಹೊರಡಲಿಲ್ಲ.

"ಇಟ್ಸ್ ಜಸ್ಟ್ ಬ್ರೀದಿಂಗ್, ಅಜ್ಜಿ. ಬರೀ ಉಸಿರು."

ನಾನು ಸೋಫಾದ ಮೇಲೆ ಕೂತುಬಿಟ್ಟೆ. ಯಾಕೆಂದರೆ ಆ ಪೇಟಿಯ ಬಾಯಿ ಮುಚ್ಚಿಸಿದವಳು ನಾನೇ. ನನ್ನ ಒಂದು ಮಾತಿಗೆ ಆ ಮನುಷ್ಯ ಸಂಗೀತ ಬಿಟ್ಟರು, ಬಿಟ್ಟು ಏಳು ತಿಂಗಳಿಗೆ ಸತ್ತರು. ಇದನ್ನು ಯಾರ ಮುಂದೆಯೂ ಹೇಳಿರಲಿಲ್ಲ. ನಿಮಗೆ ಹೇಳುತ್ತಿದ್ದೇನೆ. ಆದರೆ ಅದಕ್ಕೂ ಮೊದಲು ಅವರು ಎಂಥ ಮನುಷ್ಯ ಅಂತ ಗೊತ್ತಾಗಬೇಕು. ಅವಸರ ಇದ್ದವರು ಇಲ್ಲೇ ಏಳಬಹುದು. ನನಗೇನೂ ಅವಸರ ಇಲ್ಲ, ಇವತ್ತು ಹುರಿದ ಶೇಂಗಾ ಹೇಗೂ ಆರಬೇಕು.

ಮದುವೆಯಾಗಿ ಎರಡು ವರ್ಷವಾಗಿತ್ತು. ಶೇಖರ ಹೊಟ್ಟೆಯಲ್ಲಿದ್ದ. ಒಂದು ದಿನ ಅಂಗಿ ಹಾಕಿಕೊಂಡು, "ಹುಬ್ಬಳ್ಳಿಗೆ ಹೋಗಿ ಬರ್ತೀನಿ, ಒಂದು ಪೇಟಿ ರಿಪೇರಿ ಐತಿ" ಅಂದರು. ಒಂದೂವರೆ ತಿಂಗಳ ಮೇಲೆ ಮೊಂಬಾಸಾದಿಂದ ಕಾಗದ ಬಂತು. ಮೊಂಬಾಸಾ ಅಂದರೆ ಯಾವ ತಾಲ್ಲೂಕು ಅಂತ ನಮ್ಮ ಮಾವ ಪೋಸ್ಟ್‌ಮ್ಯಾನನ್ನು ಕೇಳಿದರು. ಹುಬ್ಬಳ್ಳಿಯಲ್ಲಿ ಯಾರೋ ಒಬ್ಬ ಗುಜರಾತಿ ಸಾಹುಕಾರ ಸಿಕ್ಕು, ಆಫ್ರಿಕಾದಲ್ಲಿ ನಮ್ಮ ಭಜನೆ ಮಂಡಳಿಯ ಪೇಟಿಗಳೆಲ್ಲ ಕೆಟ್ಟು ಕೂತಿವೆ ಅಂದನಂತೆ. ಇವರು ಮುಂಬಯಿಗೆ ಹೋಗಿ ಹಡಗು ಹತ್ತಿದರು. ಎರಡು ವರ್ಷ ಬರಲಿಲ್ಲ. ಬೈದೆನೋ ಅಂದರೆ, ಬೈದೆ. ಕಾಗದದಲ್ಲಿ ಬೈದೆ. ನಾಲ್ಕನೇ ಇಯತ್ತೆ ಓದಿದ್ದು ಅಲ್ಲಿ ಉಪಯೋಗಕ್ಕೆ ಬಂತು.

ಮಂದಿ ಹೊರದೇಶದಿಂದ ಬಂಗಾರ ತರುತ್ತಾರೆ. ಇವರು ಒಂದು ಡಬ್ಬಿ ಲವಂಗ ತಂದರು. "ಅಲ್ಲೆ ಹೊಲದಾಗ ಬೆಳೀತಾರ, ವಾಸನಿ ನೋಡು" ಅಂತ ಮೂಗಿಗೆ ಹಿಡಿದರು. ಒಂದೂವರೆ ವರ್ಷದ ಮಗು ಇವರನ್ನು ನೋಡಿ ಅತ್ತಿತು. ಅದಕ್ಕೂ ಲವಂಗ ತೋರಿಸಿದರು. ಪೇಟಿಯಲ್ಲಿ ಲವಂಗ ಇಡುವ ಅಭ್ಯಾಸ ಶುರುವಾದದ್ದು ಅಲ್ಲಿಂದ.

ಪೇಟಿ ರಿಪೇರಿ ಅವರು ಕಲಿತದ್ದು ನಾಟಕ ಕಂಪನಿಯಲ್ಲಿ. ಅಲ್ಲಿನ ಪೇಟಿ ಮಾಸ್ತರರು ಒಂದು ಕಟ್ಟಳೆ ಹಾಕಿದ್ದರಂತೆ. ಪೇಟಿ ಬಿಚ್ಚಿದವನು ಒಳಗಿನ ಹಲಗೆಯ ಮೇಲೆ ಪೆನ್ಸಿಲಿನಲ್ಲಿ ಬರೆಯಬೇಕು. ಯಾವಾಗ ಬಿಚ್ಚಿದೆ, ಏನು ತೆಗೆದೆ, ಏನು ಹಾಕಿದೆ. ಮುಂದೆ ಬಿಚ್ಚುವವನಿಗೆ ತಿಳಿಯಲಿ ಅಂತ. ಹೊರಗೆ ಗಿರಾಕಿಯ ಹತ್ತಿರ ಏನು ಬೇಕಾದರೂ ಹೇಳು, ಒಳಗೆ ಮಾತ್ರ ಸುಳ್ಳು ಬರೆಯಬಾರದು. ಬರೆದರೆ ಆ ಪೇಟಿ ಮತ್ತೆ ಸುರ ಹಿಡಿಯುವುದಿಲ್ಲ. ಇದನ್ನು ಇವರು ದೇವರ ಮಾತಿನ ಹಾಗೆ ನಡೆಸಿದರು. ತಾರೀಖು ಬರೆಯುತ್ತಿರಲಿಲ್ಲ, ಹಬ್ಬದ ಲೆಕ್ಕ ಬರೆಯುತ್ತಿದ್ದರು.

ಇಲ್ಲಿ ಅಮೆರಿಕಾದಲ್ಲಿ, ಲಾಸ್ ಆಲ್ಟೋಸಿನಲ್ಲಿ, ಯೋಗ ಕಲಿಸುವ ಒಬ್ಬ ಹೆಣ್ಣುಮಗಳು ಇದ್ದಳು, ಇವರು ಬಾಯಿ ಅನ್ನುತ್ತಿದ್ದರು. ಅವಳ ಪೇಟಿಯಿಂದ ಕಿಚಕಿಚ ಸದ್ದು ಬರುತ್ತಿತ್ತು. ಇವರು ತೆಗೆದುಕೊಂಡು ಬಂದು ಸರಿಮಾಡಿ, "ಸಣ್ಣ ಡಸ್ಟ್ ಮೇಡಮ್" ಅಂತ ನಗುತ್ತ ಕೊಟ್ಟರು. ಒಳಗೆ ಕನ್ನಡದಲ್ಲಿ ಏನು ಬರೆದಿದ್ದರು ಅಂದರೆ, "ದಸರಾ ಮುಂದ. ಇಲಿ ಸಂಸಾರ ಹೂಡಿತ್ತು. ಬಾಯಿಗೆ ಹೇಳಿಲ್ಲ, ಅಂಜತಾಳ." ನಾನೇ ಕಣ್ಣಾರೆ ಓದಿ ನಕ್ಕಿದ್ದೆ.

ನಮ್ಮ ಸ್ವಂತ ಪೇಟಿಯ ಕಥೆ ಬೇರೆ. ಆಫ್ರಿಕಾದಿಂದ ಬಂದ ಮೇಲೆ ಮುಂಬಯಿಯಲ್ಲಿ ಸಂಸಾರ ಹೂಡಿದಾಗ ಸಿಕ್ಕಿದ್ದು. ಹಳೆಯದು, ಒಳಗೆ ಜರ್ಮನಿಯ ಸುರ. ಸುರ ಅಂದರೆ ಹಿತ್ತಾಳೆಯ ಸಣ್ಣ ಸಣ್ಣ ಪಟ್ಟಿ. ಗಾಳಿ ತಾಗಿದರೆ ನಡುಗಿ ಸದ್ದು ಮಾಡುವುದು ಅದೇ. ಅಂಥವು ಈಗ ಯಾರೂ ಮಾಡುವುದಿಲ್ಲವಂತೆ. ಇವರು ಅಂಗಡಿಯ ಮುಂದೆ ಮೂರು ದಿನ ಸುಳಿದಾಡಿ ಬಂದು ಊಟ ಬಿಟ್ಟು ಕೂತರು. ನಮ್ಮವ್ವ ಕೊಟ್ಟ ಎರಡು ಬಂಗಾರದ ಬಳೆ ಬಿಚ್ಚಿ ಕೊಟ್ಟೆ. ಯಾಕೆ ಕೊಟ್ಟೆ ಅಂತ ಕೇಳಬೇಡಿ, ಇಪ್ಪತ್ತೆರಡರ ಹುಡುಗಿಗೆ ಬುದ್ಧಿ ಎಷ್ಟಿರುತ್ತದೆ? ಒಂದು ಮಾತು ಮಾತ್ರ ತೆಗೆದುಕೊಂಡೆ.

"ಕೋಟು ಕೊಡ್ರಿ, ಕೊಡೆ ಕೊಡ್ರಿ, ಉಟ್ಟ ಧೋತರ ಕೊಡ್ರಿ. ಈ ಪೇಟಿ ಮಾತ್ರ ಯಾರಿಗೂ ಕೊಡಂಗಿಲ್ಲ. ಇದು ನಂದು."

"ನಿಂದ, ನಿಂದ. ನಾ ಬರೇ ಬಾರಸಾಂವ" ಅಂದರು.

ಯಾಕೆ ಈ ಮಾತು ತೆಗೆದುಕೊಂಡೆ ಅಂದರೆ, ಆ ಮನುಷ್ಯನ ಕೈಯಲ್ಲಿ ಏನೂ ನಿಲ್ಲುತ್ತಿರಲಿಲ್ಲ. ಇಲ್ಲಿ ಬಂದ ಮೇಲೂ ಅಷ್ಟೇ. ಹೊಸ ಸೈಕಲ್ಲು ಕೊಟ್ಟರು. ನನ್ನ ಪ್ರೆಶರ್ ಕುಕ್ಕರನ್ನು ಬೇಳೆ ಬೇಯುತ್ತಿರುವಾಗಲೇ ಒಬ್ಬ ಸ್ಟೂಡೆಂಟಿಗೆ ಕೊಡುತ್ತೇನೆ ಅಂದುಬಿಟ್ಟಿದ್ದರು. ಅವನು ಸೀಟಿ ಆಗುವವರೆಗೆ ಬಾಗಿಲಲ್ಲಿ ನಿಂತಿದ್ದ.

ಇಲ್ಲಿಗೆ ಬಂದದ್ದೂ ಪೇಟಿಯಿಂದಲೇ. ಮುಂಬಯಿಯಲ್ಲಿ ಇವರು ಕೆಲಸ ಮಾಡುತ್ತಿದ್ದ ಅಂಗಡಿಗೆ ಬರ್ಕ್ಲಿಯ ಒಬ್ಬ ಉದ್ದನೆಯ ಬಿಳಿಯ ಬಂದ. ವಾದ್ಯದ ವ್ಯಾಪಾರಿ. ಅವನ ಒಡೆದ ಪೇಟಿಯನ್ನು ಇವರು ಕೂತಲ್ಲೇ ಸರಿಮಾಡಿ ಕೊಟ್ಟರು. ಅವನು ಊರಿಗೆ ಹೋಗಿ ಕಾಗದಪತ್ರ ಮಾಡಿಸಿ ಕರೆಸಿಕೊಂಡ. ಇವರಿಗೆ ಇಂಗ್ಲಿಷ್ ಬರುತ್ತಿತ್ತೇ? ಯೆಸ್ಸು, ನೋ, ಸಾರಿ, ಗುಡ್ ಸೌಂಡ್. ಅಷ್ಟರಲ್ಲೇ ನಾಲ್ಕು ವರ್ಷ ಕಳೆದರು. ಆಮೇಲೆ ನಾನೂ ಶೇಖರನೂ ಬಂದೆವು. ವಿಮಾನ ಇಳಿದು ಹೊರಗೆ ಬಂದರೆ ಹೆಂಡತಿಗೆ ಹೂವಿಲ್ಲ, ಹಣ್ಣಿಲ್ಲ. ಕೊರಳಿಗೆ ಒಂದು ಅಕಾರ್ಡಿಯನ್ ನೇತುಹಾಕಿಕೊಂಡು ನಿಂತಿದ್ದರು. "ಇದರ ಹೊಟ್ಟ್ಯಾಗೂ ನಮ್ಮ ಪೇಟಿನ ಐತಿ ನೋಡು" ಅಂದರು, ನಾಲ್ಕು ವರ್ಷದ ಮೇಲೆ ಮೊದಲ ಮಾತು.

ಆಮೇಲೆ ಸ್ಯಾನ್ ಹೋಸೆಯ ಮೆಕ್ಸಿಕನ್ ಮಂದಿ ಗಂಟುಬಿದ್ದರು. ಅವರ ಮದುವೆ ಮುಂಜಿ ಎಲ್ಲಕ್ಕೂ ಅಕಾರ್ಡಿಯನ್ ಬೇಕು. ಕೆಟ್ಟದ್ದನ್ನೆಲ್ಲ ಇವರ ಹತ್ತಿರ ತರುತ್ತಿದ್ದರು. ಹುಡುಗಿಗೆ ಹದಿನೈದು ತುಂಬಿದರೆ ಅವರು ದೊಡ್ಡ ಹಬ್ಬ ಮಾಡುತ್ತಾರೆ. ಅಂಥ ಒಂದು ಹಬ್ಬದಲ್ಲಿ ಇವರು ಅಗಲ ಟೊಪ್ಪಿಗೆ ಹಾಕಿಕೊಂಡು ಮೇಳದ ನಡುವೆ ಬಾರಿಸುತ್ತಿರುವ ಫೋಟೋ ನಮ್ಮ ಫ್ರಿಜ್ಜಿನ ಮೇಲೆ ಇನ್ನೂ ಇದೆ. ಇನ್ನೊಂದು ಸಲ ಸ್ಯಾನ್ ಫ್ರಾನ್ಸಿಸ್ಕೋ ಕಡೆ ಹೋಗುವ ರೈಲು ಹತ್ತಬೇಕಾದವರು ಎದುರಿನ ರೈಲು ಹತ್ತಿದರು. ಎದುರಿನ ಸೀಟಿನಲ್ಲಿ ಅಕಾರ್ಡಿಯನ್ ಪೆಟ್ಟಿಗೆ ಹಿಡಿದ ಮುದುಕ ಕೂತಿದ್ದನಂತೆ. ಅವನ ಜೊತೆ ಗಿಲ್‌ರಾಯ್‌ವರೆಗೆ ಹೋಗಿ, ಅವನ ಮನೆಯಲ್ಲೇ ಉಳಿದು, ಮಾರನೆಯ ದಿನ ಮಧ್ಯಾಹ್ನ ಒಂದು ಚೀಲ ಬೆಳ್ಳುಳ್ಳಿ ಹೊತ್ತು ಬಂದರು. ನಾನು ಪೊಲೀಸರಿಗೆ ಫೋನ್ ಮಾಡಿಸಿದ್ದೆ. "ಬಳ್ಳೊಳ್ಳಿ ಭಾಳ ಚಲೋ ಐತಿ" ಅಂದರು ಇವರು.

ನಾನು ನೇರ ಮಾತಿನವಳು. ಅದು ನನ್ನ ಗುಣ ಅಂತ ಹೆಮ್ಮೆ ಪಟ್ಟುಕೊಂಡೇ ಬದುಕಿದೆ. ಸಾರು ಕೆಟ್ಟರೆ ಕೆಟ್ಟಿದೆ ಅನ್ನುತ್ತೇನೆ, ಸೀರೆ ಒಪ್ಪದಿದ್ದರೆ ಒಪ್ಪುವುದಿಲ್ಲ ಅನ್ನುತ್ತೇನೆ. ಆ ಯುಗಾದಿಯ ದಿನವೂ ಅದನ್ನೇ ಮಾಡಿದೆ.

ಮಧ್ಯಾಹ್ನದ ಹೋಳಿಗೆ ಊಟಕ್ಕೆ ಮೌಂಟನ್ ವ್ಯೂದ ನಾಲ್ಕು ಕನ್ನಡದ ಮನೆಯವರು ಬಂದಿದ್ದರು. ಊಟವಾದ ಮೇಲೆ ಎಲ್ಲರೂ, ಅಂಕಲ್ ಬಾರಿಸಿ, ಬಾರಿಸಿ ಅಂದರು. ಚಳಿ ಅಂತ ಎರಡು ತಿಂಗಳಿಂದ ಪೇಟಿ ಮುಟ್ಟಿರದ ಇವರು ಯಾಕೋ ಒಲ್ಲೆ ಒಲ್ಲೆ ಅಂದರು, ಕೊನೆಗೆ ಕೂತರು. ಎಂಬತ್ತು ವರ್ಷದ ಕೈ. ನಡುನಡುವೆ ಸ್ವರಗಳು ಬಿದ್ದುಹೋಗತೊಡಗಿದವು, ಹಲ್ಲು ಬಿದ್ದ ಬಾಯಿಯಿಂದ ಮಾತು ಸೋರಿದ ಹಾಗೆ. ಬಂದವರು ಒಬ್ಬರ ಮುಖ ಒಬ್ಬರು ನೋಡಿದರು. ಒಬ್ಬಳು ಫೋನಿನಲ್ಲಿ ವಿಡಿಯೋ ಹಿಡಿಯುತ್ತಿದ್ದಳು, ಮೆಲ್ಲಗೆ ಕೈ ಇಳಿಸಿದಳು. ನನಗೆ ಅದು ತಡೆಯಲಿಲ್ಲ. ಅಡಿಗೆಮನೆಯ ಬಾಗಿಲಲ್ಲಿ ನಿಂತು ಅಂದುಬಿಟ್ಟೆ.

"ಸಾಕ ಮಾಡ್ರಿ. ನಿಮ್ಮ ಕೈ ಹೋಗೇತಿ. ಮಂದಿ ಮುಂದ ಯಾಕ ಮರ್ಯಾದಿ ಕಳಕೋತೀರಿ?"

ಅವರು ನನ್ನ ಮುಖ ನೋಡಿದರು. ಪೇಟಿ ನೋಡಿದರು. "ಖರೆ ಐತಿ" ಅಂದರು. ಮುಚ್ಚಳ ಮುಚ್ಚಿ ಕೊಂಡಿ ಹಾಕಿದರು. ಆಮೇಲೆ ಈ ಮನೆಯಲ್ಲಿ ಅವರು ಪೇಟಿ ಬಾರಿಸಿದ್ದನ್ನು ಯಾರೂ ಕೇಳಲಿಲ್ಲ. ಮೊಣಕಾಲು ನೋವು ಅಂತ ಪ್ರತಿ ಗುರುವಾರ ವ್ಯಾಯಾಮಕ್ಕೆ ಹೋಗತೊಡಗಿದರು. ಲೈಬ್ರರಿಯ ಹತ್ತಿರ ಮುದುಕರನ್ನೆಲ್ಲ ಕರೆದುಕೊಂಡು ಹೋಗುವ ಗಾಡಿ ಬರುತ್ತದೆ ಅಂದಿದ್ದರು. ನಾನು ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಡುತ್ತಿದ್ದೆ. ಸಂಗೀತ ಹೋದದ್ದು ಮೊಣಕಾಲಿಗೆ ಇಳಿಯಿತು ಅಂತ ನನ್ನ ಲೆಕ್ಕ. ದೀಪಾವಳಿಗೆ ಇನ್ನೂ ಹತ್ತು ದಿನ ಇತ್ತು, ಮಧ್ಯಾಹ್ನ ಮಲಗಿದವರು ಏಳಲಿಲ್ಲ.

ಅಲ್ಲಿಂದ ನನ್ನ ಬಾಯಿ ಕಟ್ಟಿಹೋಯಿತು. ಏನು ಹೇಳಲು ಹೋದರೂ ಆ "ಖರೆ ಐತಿ" ಎದುರು ಬರುತ್ತಿತ್ತು. ಶೇಖರ ಹೋತದಂಥ ಗಡ್ಡ ಬಿಟ್ಟ, ಸುಮ್ಮನಿದ್ದೆ. ಸೊಸೆ ಕಿಟಕಿಗೆ ಮಣ್ಣಿನ ಬಣ್ಣದ ಪರದೆ ಹಾಕಿದಳು, ಸುಮ್ಮನಿದ್ದೆ. ಸೊಸೆ ಒಳ್ಳೆಯವಳು, ಮೈಸೂರಿನವಳು, ಆದರೆ ಉಪ್ಪಿನ ಕೈ ಅವಳ ಸ್ವಾಧೀನದಲ್ಲಿಲ್ಲ. ಆ ಉಪ್ಪಿನ ಸಾರನ್ನು ಎರಡು ವರ್ಷ ಎರಡೆರಡು ಸಲ ಹಾಕಿಸಿಕೊಂಡು ಉಂಡೆ. "ಅತ್ತೆ ಪಾಪ ತುಂಬಾ ಮೆತ್ತಗಾಗ್ಬಿಟ್ಟಿದಾರೆ" ಅಂತ ಅವಳು ತವರಿಗೆ ಫೋನಿನಲ್ಲಿ ಹೇಳುವುದು ಕೇಳಿಸುತ್ತಿತ್ತು. ಎಲ್ಲರೂ ಅದನ್ನು ದುಃಖ ಅಂದುಕೊಂಡರು. ನನ್ನ ಬಾಯಿಯ ಭಯ ನನಗೇ ಹತ್ತಿತ್ತು.

ಶನಿವಾರಕ್ಕೆ ಬರೋಣ. ಮೇಘಾ ಸ್ಕ್ರೂ ತಿರುಗಿಸುವುದು ತಂದಳು. ಬೇಡ ಅಂದೆ. ಕೇಳಲಿಲ್ಲ, ಅಜ್ಜನ ರಕ್ತ. ಒಳಗಿನ ಹಲಗೆ ಮೇಲೆತ್ತಿ ಬೆಳಕಿಗೆ ಹಿಡಿದಳು.

"ಅಜ್ಜಿ! ದೇರ್ ಈಸ್ ನಥಿಂಗ್ ಹಿಯರ್. ಬರೀ ಹೋಲ್ಸ್. ಎಲ್ಲಾ ತೆಗ್ದುಬಿಟ್ಟಿದಾರೆ."

ನೋಡಿದೆ. ಸಾಲಾಗಿ ಹಿತ್ತಾಳೆಯ ಸುರ ಇರಬೇಕಾದ ಕಡೆ ಸಾಲಾಗಿ ಖಾಲಿ ಕಂಡಿ. ಒಂದೂ ಇಲ್ಲ. ನನ್ನ ಬಳೆಗಳು ಇದ್ದ ಜಾಗ ಅದು.

"ಅಂಡ್ ದೇರ್ ಈಸ್ ರೈಟಿಂಗ್. ಕನ್ನಡ. ನಂಗೆ ಓದೋಕ್ ಬರಲ್ಲ, ನೀವ್ ಓದಿ."

ಕನ್ನಡಕ ಹುಡುಕುವ ನೆಪದಲ್ಲಿ ಸ್ವಲ್ಪ ಹೊತ್ತು ಮಾಡಿದೆ. ಪೇಟಿಯ ಒಳಗೆ ಆ ಮನುಷ್ಯ ಸುಳ್ಳು ಬರೆಯುವವರಲ್ಲ. ಹೆಂಡತಿ ಹೀಗೆ ಅಂದಳು, ಇನ್ನು ಬಾರಿಸುವುದಿಲ್ಲ ಅಂತ ಬರೆದಿದ್ದರೆ ಅದನ್ನು ಮೊಮ್ಮಗಳ ಮುಂದೆ ನಾನೇ ಗಟ್ಟಿಯಾಗಿ ಓದಬೇಕು.

ಹಲಗೆಯ ತುಂಬ ಹಬ್ಬಗಳು. ನಾಗರಪಂಚಮಿಗೆ ತಿದಿಗೆ ತೊಗಲು. ಶಿವರಾತ್ರಿಗೆ ಹೊಸ ಸ್ಪ್ರಿಂಗು. ಕೆಳಗೆ, ಎಲ್ಲಕ್ಕಿಂತ ಕೆಳಗೆ, ಎರಡು ಬರಹ ಇದ್ದವು. ನಾಲ್ಕನೇ ಇಯತ್ತೆಯ ಓದು, ಒಂದೊಂದೇ ಅಕ್ಷರ ಕೂಡಿಸಿ ಓದಿದೆ.

"ಸಂಕ್ರಾಂತಿ ಆದ ವಾರ. ಬಲಬೀರನ ಅಪ್ಪನ ಪೇಟಿಗೆ ಇದರ ಆರು ಸುರ ತೆಗೆದು ಹಾಕಿದೆ. ಮನ್ಯಾಗ ಹೇಳಿಲ್ಲ, ಅಂಜಿಕಿ."

ಅದರ ಕೆಳಗೆ:

"ಯುಗಾದಿ ಮರುದಿನ. ಸಿಕ್ಕಿಬೀಳೂ ಹಂಗಾಗಿತ್ತು. ಕೈ ಹೋಗೇತಿ ಅಂತ ತಿಳದಾಳ. ತಿಳದರ ತಿಳೀಲಿ. ಉಳದ ಸುರಾನೂ ತೆಗೆದೆ."

ಮತ್ತೊಮ್ಮೆ ಓದಿದೆ. ಸಂಕ್ರಾಂತಿ ಮೊದಲು, ಯುಗಾದಿ ಆಮೇಲೆ. ಅಂದರೆ ಯುಗಾದಿಯ ದಿನ ಬಿದ್ದುಹೋದ ಸ್ವರಗಳು ಬಲಬೀರನ ಮನೆಯಲ್ಲಿದ್ದವು. ಕೈಯಲ್ಲಿ ದೋಷವಿರಲಿಲ್ಲ. "ಖರೆ ಐತಿ" ಅಂದದ್ದು ನೊಂದವರ ಮಾತಲ್ಲ, ಕಳ್ಳನ ಮಾತು.

"ವಾಟ್ ಡಸ್ ಇಟ್ ಸೇ? ಅಜ್ಜೀ? ಅಳ್ತಿದೀರಾ?"

"ಅಳಾಕ ನನಗೇನ ಹುಚ್ಚ ಹಿಡದೈತಿ? ನಿಮ್ಮ ಅಜ್ಜ ಕಳ್ಳ. ಫೋನ್ ಹಚ್ಚು ಆ ಬಲಬೀರಗ."

ಬಲಬೀರ ಫ್ರೀಮಾಂಟಿನ ಸರ್ದಾರ್ಜಿ. ಟ್ಯಾಕ್ಸಿ ಓಡಿಸಿ ರಿಟೈರಾದ ಮನುಷ್ಯ, ಇವರ ಗೆಳೆಯ. ಮಣ್ಣಿನ ದಿನ ಬಂದು ನನ್ನ ಮಗನಿಗಿಂತ ಹೆಚ್ಚು ಅತ್ತಿದ್ದ. ಇಷ್ಟು ನಾಟಕ ಯಾಕೆ ಅಂತ ನಾನು ಅಂದುಕೊಂಡಿದ್ದೆ. ಅಜ್ಜನ ಹಳೆಯ ಫೋನಿನಲ್ಲಿ ಮೇಘಾ ನಂಬರು ಹುಡುಕಿ ಹಚ್ಚಿದಳು. ಮುಂಬಯಿಯ ಚಾಳಿನಲ್ಲಿ ಕಲಿತ ನನ್ನ ಹರಕು ಹಿಂದಿ, ಅವನ ಪಂಜಾಬಿ ಹಿಂದಿ. ನಿಮಗೆ ಕನ್ನಡದಲ್ಲೇ ಹೇಳುತ್ತೇನೆ.

"ನನ್ನ ಪೇಟಿಯ ಸುರ ನಿಮ್ಮ ಮನೆಯಲ್ಲಿವೆಯಂತೆ" ಅಂದೆ, ನಮಸ್ಕಾರ ಗಿಮಸ್ಕಾರ ಇಲ್ಲದೆ.

"ಭಾಭೀಜಿ, ತಪ್ಪಾಯಿತು. ಅಣ್ಣ ಆಣೆ ಹಾಕಿಸಿದ್ದರು. ಮೇಲಾಗಿ ನಿಮ್ಮ ಭಯ."

"ಆರು ಕೊಟ್ಟದ್ದು ಸರಿ. ಎಲ್ಲಾ ಯಾಕೆ ಕೊಟ್ಟರು?"

"ದೇಶ ಒಡೆದ ವರ್ಷ ನಮ್ಮಪ್ಪ ಗಡಿ ದಾಟುವಾಗ ತಲೆಯ ಮೇಲೆ ಹೊತ್ತು ತಂದ ಪೇಟಿ ಭಾಭೀಜಿ. ಒಳಗೆಲ್ಲ ಕಿಲುಬು. ಆರು ಹಾಕಿದ ಮೇಲೆ ಉಳಿದವು ಅವಕ್ಕೆ ಹೊಂದಲಿಲ್ಲ. ಎರಡು ಅರೆಜೀವದ ಪೇಟಿ ಇಟ್ಟುಕೊಂಡು ಏನು ಮಾಡುವುದು, ಒಂದಾದರೂ ಪೂರ್ತಿ ಬದುಕಲಿ ಅಂದರು ಅಣ್ಣ."

ಕೇಳಬೇಕಾದದ್ದನ್ನು ಇನ್ನೂ ಕೇಳಿರಲಿಲ್ಲ. "ಆಮೇಲೆ ಅವರು ಪೇಟಿ ಬಾರಿಸಲೇ ಇಲ್ಲವಲ್ಲ" ಅಂದೆ.

"ಬಾರಿಸಲಿಲ್ಲವೇ?" ಬಲಬೀರ ಜೋರಾಗಿ ನಕ್ಕ. "ಪ್ರತಿ ಗುರುವಾರ ಲೈಬ್ರರಿ ಹತ್ತಿರ ನಾನೇ ಗಾಡಿ ನಿಲ್ಲಿಸಿ ಕರೆತರುತ್ತಿದ್ದೆ. ಬಂದು ಕೂತರೆ ಊಟದವರೆಗೆ ಏಳುತ್ತಿರಲಿಲ್ಲ. ನಾನು ಹಾಡಬೇಕು, ಅವರು ಬಾರಿಸಬೇಕು. ಹೋಗುವ ಹಿಂದಿನ ಗುರುವಾರವೂ ಬಾರಿಸಿದರು. ಭಾಭೀಜಿ, ಆ ಶೇಂಗಾ ಚಟ್ನಿ... ಎರಡು ವರ್ಷವಾಯಿತು ತಿಂದು."

ಮೊಣಕಾಲು! ಆ ಮೊಣಕಾಲಿಗೆ ನಾನು ಏಳು ತಿಂಗಳು ಎಳ್ಳೆಣ್ಣೆ ತಿಕ್ಕಿದ್ದೆ. ಮುಂಜಾನೆ ಎದ್ದು ಬಿಸಿ ಮಾಡಿ ತಿಕ್ಕಿದ್ದೆ. ಆ ಮನುಷ್ಯ "ಹಾ, ಅಲ್ಲೇ, ಅಲ್ಲೇ" ಅಂತ ಕಣ್ಣು ಮುಚ್ಚಿಕೊಂಡು ತಿಕ್ಕಿಸಿಕೊಂಡಿದ್ದರು. ಎದುರಿಗೆ ಇದ್ದಿದ್ದರೆ ಆವತ್ತು ಅವರಿಗೆ ನಿಜವಾದ ಮೊಣಕಾಲು ನೋವು ಬರುತ್ತಿತ್ತು. ಬೈಯಲು ಬಾಯಿ ತೆರೆದರೆ ನಗು ಬಂತು. ಎದೆಯ ಮೇಲೆ ಎರಡು ವರ್ಷ ಕೂತಿದ್ದ ಒನಕೆ ಯಾರೋ ಎತ್ತಿಟ್ಟ ಹಾಗಾಯಿತು. ಮೇಘಾ ನನ್ನ ಮುಖ, ಫೋನು, ನನ್ನ ಮುಖ ನೋಡುತ್ತಿದ್ದಳು.

"ಸುರ ವಾಪಸ್ ತಂದುಕೊಡಲೇ?" ಬಲಬೀರ ಕೇಳಿದ. ದನಿ ಸಣ್ಣದಾಗಿತ್ತು.

"ಬೇಡ. ಬಾರಿಸಿ, ಕೇಳುತ್ತೇನೆ."

ಫೋನು ಪೇಟಿಯ ಮೇಲಿಟ್ಟು ಬಾರಿಸಿದ. ಐವತ್ತು ವರ್ಷ ಕೇಳಿದ ದನಿ, ಬೇರೆಯವರ ಮನೆಯ ಪೆಟ್ಟಿಗೆಯಿಂದ ಬಂದರೂ ಗುರುತು ಸಿಕ್ಕಿತು. ನನ್ನ ಬಳೆಯೇ. ಇವರು ಮುಂಜಾನೆ ಬಾರಿಸುತ್ತಿದ್ದದ್ದನ್ನೇ ಬಾರಿಸಿದ. ನಡುವೆ ಇಳಿಯುವ ಕಡೆ ಬೆರಳು ಜಾರಿತು.

"ತಪ್ಪಿತು ಅಲ್ಲಿ" ಅಂದೆ. ಅಂದುಬಿಟ್ಟೆ, ತಡೆಯಲು ಆಗಲೇ ಇಲ್ಲ.

ಬಲಬೀರ ಕೈ ನಿಲ್ಲಿಸಿದ. "ಅಣ್ಣ ಅನ್ನುತ್ತಿದ್ದರು, ಇದು ಸರಿಯಾಗಿದೆಯೋ ಇಲ್ಲವೋ ನಮ್ಮ ಮನೆಯವಳನ್ನು ಕೇಳಬೇಕು ಅಂತ. ಗುರುವಾರ ಬನ್ನಿ ಭಾಭೀಜಿ, ಗಾಡಿ ತರುತ್ತೇನೆ."

"ನೋಡೋಣ" ಅಂದೆ. ಫೋನ್ ಇಟ್ಟು ಜೋಳದ ಹಿಟ್ಟಿನ ಡಬ್ಬಿ ತೆಗೆದು ನೋಡಿದೆ. ಅರ್ಧ ಡಬ್ಬಿ ಇತ್ತು, ಸಾಕು.

ಪೇಟಿಯನ್ನು ಮೇಘಾಗೇ ಕೊಟ್ಟೆ. "ಆದ್ರೆ ಇದ್ರಲ್ಲಿ ಸೌಂಡೇ ಇಲ್ವಲ್ಲ" ಅಂದಳು. ಇದ್ದ ಕಥೆ ಹೇಳಿದೆ, ಸುರ ಹುಡುಕುವುದು ನಿನ್ನ ಕೆಲಸ ಅಂದೆ. ಮುಚ್ಚುವ ಮೊದಲು ಪೆನ್ಸಿಲ್ ಇಸಿದುಕೊಂಡು, ಎರಡು ಬರಹದ ಕೆಳಗೆ ನಾನೂ ಬರೆದೆ: "ಈ ಶನಿವಾರ ಬಿಚ್ಚಿದೆವು. ಗೊತ್ತಾತು." ಡಬ್ಬಿಯಿಂದ ನಾಲ್ಕು ಹೊಸ ಲವಂಗ ಹಾಕಿದೆ.

ಅಷ್ಟರಲ್ಲಿ ಮಗ ಸೊಸೆ ಬಂದರು. ಸೊಸೆ ಚೀಲ ಇಳಿಸಿ ಬೆಳಿಗ್ಗೆ ಮಾಡಿಟ್ಟಿದ್ದ ಸಾರು ಬಿಸಿ ಮಾಡಿ ಎಲ್ಲರಿಗೂ ಬಡಿಸಿದಳು. ಒಂದು ತುತ್ತು ಕಲಸಿ ಬಾಯಿಗೆ ಇಟ್ಟೆ.

"ಏನವಾ ಇದು? ಸಮುದ್ರದ ನೀರಾಗ ಬ್ಯಾಳಿ ಬೇಸಿಯೇನು? ಶೇಖರಾ, ನೀ ಮೊದಲ ಆ ಗಡ್ಡ ತಗಿ."

ಸೊಸೆಯ ಕೈಯ ಸೌಟು ಗಾಳಿಯಲ್ಲೇ ನಿಂತಿತು. ಆಮೇಲೆ ಅವಳು ಗಂಡನ ಕಡೆ ತಿರುಗಿದಳು. ಅಳುತ್ತಾಳೋ ಅಂದುಕೊಂಡೆ. ಮುಖದ ತುಂಬ ನಗು.

"ರೀ, ಅತ್ತೆ ಹುಷಾರಾದ್ರು ಕಣ್ರೀ!"